ಕಾಂತರಾಜುವಿನ ಡ್ರಮ್ಮು, ಮರಿಯಪ್ಪನ ಡಬ್ಬ

ಹಳೇ ನಾಗರಬಾವಿ
7 ಜುಲೈ 2025

ಚಿರಂಜೀವಿ ಸ್ಪಂದನಳಿಗೆ ಸೋದರಮಾವ ಮರಿಯಪ್ಪನ ಆಶೀರ್ವಾದಗಳು.

ಮೊದಲು ಒಂದು ವಿಷಯ ತಿಳಿದುಕೋ. ಈ ಇಂಡಿಯಾ ದೇಶದಲ್ಲಿ ಕೂದಲಿಗಿಂತ ಸಣ್ಣ ಎಳೆಯನ್ನು ಗಾಳಿಯಲ್ಲಿ ಮೊಟ್ಟಮೊದಲು ತೆಗೆದವನು ನಾನು. ಇಸವಿ 1981, ಕೆಂಗೇರಿ ಸಂತೆ. ನನ್ನದೇ ಬೊಂಬಾಯಿ ಮಿಠಾಯಿ ಮಿಶೀನು. ನಾನು ಪೆಡಲ್ ತುಳಿದರೆ ಎಳೆ ಎಷ್ಟು ನಯವಾಗಿ ಬರುತ್ತಿತ್ತೆಂದರೆ, ಗಿರಾಕಿ ಕೈಯಲ್ಲಿ ಹಿಡಿದಿದ್ದಾನೋ ಇಲ್ಲವೋ ಅವನಿಗೇ ಗೊತ್ತಾಗುತ್ತಿರಲಿಲ್ಲ. ಜಪಾನಿನವರು ಇಬ್ಬರು ಬಂದು ಫೋಟೋ ಹೊಡೆದುಕೊಂಡು ಹೋದರು. ಅಲ್ಲಿ ಹೋಗಿ ಏನು ಮಾಡಿದರೋ, ನಿಮ್ಮ ಪುಸ್ತಕಗಳಲ್ಲಿ ಯಾರ ಹೆಸರು ಬರೆಸಿಕೊಂಡರೋ, ನಾನು ಕೇಳಲು ಹೋಗಲಿಲ್ಲ. ನನಗೆ ಹೆಸರಿನ ಆಸೆ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. "ಮಾವ ಹೇಳೋದೇನಾದ್ರೂ ಇದ್ರೆ ಕಾಗದ ಬರೀಲಿ" ಎಂದು ನಿಮ್ಮಮ್ಮನ ಬಾಯಲ್ಲಿ ಹೇಳಿಸಿದ್ದೀಯ. ಒಂದೇ ದಿನ ಹನ್ನೊಂದು ಸಲ ಫೋನ್ ಮಾಡಿದ್ದು ಹೆಚ್ಚಾಯಿತು, ಒಪ್ಪಿದೆ. ನೀನು ಸೂಜಿಗೆ ಹದಿನೆಂಟು ಸಾವಿರ ವೋಲ್ಟ್ ಹಾಕಿಕೊಂಡು ಕೂತಿರುತ್ತೀಯ, ಫೋನ್ ಹೊಡೆದುಕೊಂಡರೆ ಬೆಚ್ಚಿ ಕೈ ಆಡಿಸುತ್ತೀಯ ಎಂದು ನನಗೆ ಕನಸು ಬಿದ್ದಿತ್ತೇ? ಇರಲಿ. ಬರೆಯಲು ನನಗೇನು ಬರುವುದಿಲ್ಲವೇ. ಓದಿದ್ದು ಏಳನೇ ಕ್ಲಾಸು, ಆದರೆ ಆ ಕಾಲದ ಏಳು ಈಗಿನ ಎಂ.ಎ.ಗೆ ಸಮ. ನಿನ್ನ ಲ್ಯಾಬು ನಮ್ಮ ಮನೆಯಿಂದ ಎರಡು ಕಿಲೋಮೀಟರು. ಈ ಕಾಗದ ಊರೆಲ್ಲಾ ಸುತ್ತಿ ನಾಲ್ಕು ದಿನಕ್ಕೆ ನಿನ್ನನ್ನು ತಲುಪುತ್ತದೆ. ಅಂಚೆಯವನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗುವುದಿಲ್ಲ.

ಮಳೆಗಾಲದ ತೇವಕ್ಕೆ ನಿನ್ನ ಎಳೆ ಸರಿಯಾಗಿ ಬರದೆ ಹನಿಹನಿಯಾಗಿ ಉದುರುತ್ತಿದೆ ಎಂದು ನಿಮ್ಮಮ್ಮ ಕುಸುಮಾ ಹೇಳಿದಳು. ಇದು ನನಗೆ ನೀರು ಕುಡಿದಷ್ಟು ಸುಲಭ. ಮಿಠಾಯಿಗೂ ಮಳೆ ಆಗದು. ಲ್ಯಾಬಿನ ಮೂಲೆಯಲ್ಲಿ ಒಂದು ಇದ್ದಿಲ ಒಲೆ ಇಡು, ಮೇಲೆ ಚೂರು ಸಾಂಬ್ರಾಣಿ ಹಾಕು. ಒಲೆ ನಾನೇ ಹೊತ್ತು ತರುತ್ತೇನೆ.

ಇನ್ನೊಂದು ಮಾತು. ನಿಮ್ಮ ಚಿಕ್ಕಪ್ಪ ಕಾಂತರಾಜು ಫೋನ್ ಮಾಡಿದರೆ ಎತ್ತುತ್ತೀಯಂತೆ. ಸುಮ್ಮನೆ ಕೇಳಿದೆ.

ಇಂತಿ,
ಜಪಾನಿಗೆ ದಾರಿ ತೋರಿಸಿದ ನಿನ್ನ ಮಾವ,
ಮರಿಯಪ್ಪ


ಆರ್‌ಪಿಸಿ ಲೇಔಟ್
19 ಜುಲೈ 2025

ಮಾವನಿಗೆ ನಮಸ್ಕಾರ.

ದಯವಿಟ್ಟು ಒಲೆ ತರಬೇಡಿ. ನಾವು ಬಳಸುವ ದ್ರಾವಣದ ಆವಿಗೆ ಬೆಂಕಿ ತಗುಲಿದರೆ ಲ್ಯಾಬೂ ಇರುವುದಿಲ್ಲ, ನಾನೂ ಇರುವುದಿಲ್ಲ.

ಮಿಠಾಯಿ ಹೋಲಿಕೆ ಮಾತ್ರ ಚೆನ್ನಾಗಿದೆ. ಮಿಠಾಯಿಯಲ್ಲಿ ಸಕ್ಕರೆಯನ್ನು ಎಳೆಯುವುದು ಯಂತ್ರದ ವೇಗ. ನಮ್ಮಲ್ಲಿ ಎಳೆಯುವುದು ವಿದ್ಯುತ್ತು. ಸಿರಿಂಜಿನೊಳಗೆ ನೈಲಾನು ಮತ್ತು ಪಾಲಿಅನಿಲೀನ್ ಎಂಬ ಹಸಿರು ಪದಾರ್ಥ ಕರಗಿರುತ್ತದೆ. ಸೂಜಿಯ ತುದಿಗೆ ಹನಿ ಬಂದು ನಿಂತಾಗ ವಿದ್ಯುತ್ತು ಅದನ್ನು ಹಿಡಿದು ಎಳೆಯುತ್ತದೆ. ಹನಿ ಚೂಪಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ, ಚಾಟಿ ಬೀಸಿದ ಹಾಗೆ ಸುತ್ತಿ ಸುತ್ತಿ ಹಾರಿ ಒಂದು ಗೇಣು ಆಚೆ ತಿರುಗುವ ಡ್ರಮ್ಮಿನ ಮೇಲೆ ಕೂರುತ್ತದೆ. ಗಂಟೆಗಟ್ಟಲೆ ಕೂತು ಕೂತು ಅದು ತೆಳ್ಳನೆಯ ಬಟ್ಟೆಯಾಗುತ್ತದೆ. ಆ ಬಟ್ಟೆಯೊಳಗೆ ಕರೆಂಟ್ ಹರಿಯುತ್ತದೆ. ಎದೆಗೆ ಅಂಟಿಸಿಕೊಂಡರೆ ಬಡಿತ ತಪ್ಪಿದ್ದನ್ನು ಹೇಳಬಲ್ಲ ಬಟ್ಟೆ. ಇದನ್ನೇ ಯಾಕೆ ಹಿಡಿದೆ ಎಂದು ನೀವು ಕೇಳುವುದಿಲ್ಲ, ಗೊತ್ತು. ಅಪ್ಪ ಬಸ್ಸಿನ ಸ್ಟೇರಿಂಗ್ ಮೇಲೆಯೇ ತಲೆಯಿಟ್ಟ ದಿನ ಆಸ್ಪತ್ರೆಗೆ ಮೊದಲು ಓಡಿ ಬಂದವರು ನೀವು.

ಹೋದ ವರ್ಷ ಲ್ಯಾಬಿನ ಡ್ರಮ್ ಮುರಿದಾಗ ಚಿಕ್ಕಪ್ಪ ಹೊಲಿಗೆ ಮಿಶೀನಿನ ಮೋಟರ್ ಹಾಕಿ ಹೊಸದು ಮಾಡಿಕೊಟ್ಟರಲ್ಲ, ಅದು ಈಗಲೂ ಅಲುಗದೆ ತಿರುಗುತ್ತಿದೆ. ಅದರ ಬೇರಿಂಗ್ ವಿಷಯಕ್ಕೆ ಅವರು ಫೋನ್ ಮಾಡುತ್ತಾರೆ. ಅಷ್ಟೇ.

ಸ್ಪಂದನ


ಹಳೇ ನಾಗರಬಾವಿ
24 ಆಗಸ್ಟ್ 2025

ಚಿರಂಜೀವಿ ಸ್ಪಂದನಳಿಗೆ ಆಶೀರ್ವಾದಗಳು.

ನಿನ್ನೆ ರಾಜಾಜಿನಗರದ ಕಡೆ ಕೆಲಸವಿತ್ತು. ಕೆಲಸ ಏನೂ ಇರಲಿಲ್ಲ, ಬರೆದು ಹೋಯಿತು, ಇರಲಿ. ಕಾಂತರಾಜುವಿನ ವರ್ಕ್‌ಶಾಪಿಗೆ ಹೋದೆ. ಗೋಡೆಯ ಮೇಲೆ ದೇವರ ಪಟ, ಅದರ ಪಕ್ಕದಲ್ಲೇ ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ. ಹಾಳೆಗೂ ಹೂವು!

"ಏನಯ್ಯ ಇದು?" ಅಂದೆ.

"ನಮ್ಮ ಸ್ಪಂದನನ ಲೇಖನ ಭಾವ. ಫಾರಿನ್ ಪತ್ರಿಕೇಲಿ ಬಂದಿದೆ. ಕೊನೇ ಸಾಲು ನೋಡಿ, ನನ್ನ ಹೆಸರು."

"ಇಂಗ್ಲೀಷಲ್ಲಿದೆ. ನಿನ್ನದೇ ಅಂತ ಹೆಂಗೆ ಹೇಳ್ತೀಯ? ಪ್ರಪಂಚದಲ್ಲಿ ನೀನೊಬ್ನೇನಾ ಕಾಂತರಾಜು?"

ಅವನು ಗ್ರೀಸು ಮೆತ್ತಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರದ ಕೆಳಗೆ ಇಟ್ಟು ಓದಿಸಿದ. ಡ್ರಮ್ಮು ಮಾಡಿಕೊಟ್ಟ ಶ್ರೀ ಕಾಂತರಾಜು ಅವರಿಗೆ ಕೃತಜ್ಞತೆಗಳು ಎಂದು ಅರ್ಥವಂತೆ. ಶ್ರೀ ಅಂತೆ! ಡಿಪ್ಲೊಮಾ ಮಾಡಿದವನಿಗೆ ಶ್ರೀ, ಏಳನೇ ಕ್ಲಾಸಿನವನಿಗೆ ಬ್ಲಾಕು.

ಕೇಳು ಸ್ಪಂದನ. ನಿನಗೆ ಕಿವಿ ಚುಚ್ಚಿಸಿದ ದಿನ ಆಚಾರಿ ಕೇಳಿದ್ದು, "ಸೋದರಮಾವ ಎಲ್ಲಿ?" ಎಂದು. ಚಿಕ್ಕಪ್ಪ ಎಲ್ಲಿ ಎಂದಲ್ಲ. ನಿನ್ನನ್ನು ಕೂರಿಸಿಕೊಂಡದ್ದು ಈ ತೊಡೆ. ನೋವಿಗೆ ನೀನು ಕಚ್ಚಿದ್ದು ಈ ಹೆಬ್ಬೆರಳು, ಕಲೆ ಇನ್ನೂ ಇದೆ, ಬೇಕಾದರೆ ಬಂದು ನೋಡು. ಆ ಹೊತ್ತಿನಲ್ಲಿ ಕಾಂತರಾಜು ಎಲ್ಲಿದ್ದ? ಪಂಕ್ತಿಯಲ್ಲಿ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದ.

ನನಗೆ ಹೊಟ್ಟೆಕಿಚ್ಚು ಎಂದು ತಿಳಿಯಬೇಡ. ಅದು ಸಣ್ಣ ಮನಸ್ಸಿನವರಿಗೆ. ರಾತ್ರಿ ನಿದ್ದೆ ಬರದೆ ಎದ್ದು ಕೂತದ್ದು ಗ್ಯಾಸ್ಟ್ರಿಕ್‌ನಿಂದ.

ಅವನು ಕೊಟ್ಟದ್ದು ಒಂದು ಡ್ರಮ್ಮು ತಾನೆ? ನೋಡುತ್ತಿರು, ಸೋದರಮಾವ ಏನು ಕೊಡುತ್ತಾನೆ ಎಂದು.

ಇಂತಿ,
ಕಿವಿ ಚುಚ್ಚಿಸಿದ ತೊಡೆಯ ಮಾಲೀಕ,
ಮರಿಯಪ್ಪ


ಹಳೇ ನಾಗರಬಾವಿ
15 ಸೆಪ್ಟೆಂಬರ್ 2025

ಚಿರಂಜೀವಿ ಸ್ಪಂದನಳಿಗೆ ಆಶೀರ್ವಾದಗಳು.

ಆಟೋದಲ್ಲಿ ಬಂದ ಡಬ್ಬ ತಲುಪಿರಬೇಕು. ಸೆಕ್ಯುರಿಟಿಯವನು "ಏನಣ್ಣ ಇದು, ಬಾಂಬಾ?" ಅಂದ. "ನಿಮ್ಮ ಯೂನಿವರ್ಸಿಟಿಗೆ ಬೆಳಕು ಬರೋ ಪದಾರ್ಥ ಕಣಪ್ಪ, ಹುಷಾರಾಗಿ ಎತ್ತು" ಅಂದೆ.

ಜರ್ಮನಿಯ ಮಾಲು. ಐವತ್ತು ಸಾವಿರ ವೋಲ್ಟು. ನಿನ್ನ ಹದಿನೆಂಟು ಸಾವಿರ ಇದರ ಮುಂದೆ ಬೆಂಕಿಕಡ್ಡಿ. ಇದನ್ನು ಹಾಕಿದರೆ ಎಳೆ ಸೂಜಿಯಿಂದ ಹೊರಟು ಡ್ರಮ್ಮನ್ನು ದಾಟಿ ಗೋಡೆಯಾಚೆ ಹೋಗಿ ನಿಲ್ಲಬೇಕು. ಭೈರೇಶ್ ಎಂದು ಹಳೇ ಕಟ್ಟಡ ಕೆಡವುವ ಕಂಟ್ರಾಕ್ಟರು, ಟೀ ಅಂಗಡಿಯ ಪರಿಚಯ. ಬೇರೆ ಯಾರಿಗೂ ಕೊಡುತ್ತಿರಲಿಲ್ಲ, ನನ್ನ ಮುಖ ನೋಡಿ ಕೊಟ್ಟ.

ಎಷ್ಟಾಯಿತು ಎಂದು ಕೇಳಬೇಡ. ಕೇಳಿದರೂ ಹೇಳುವುದಿಲ್ಲ. ಎರಡು ಲಕ್ಷ ಮೂವತ್ತು ಸಾವಿರ. ಬಾಡಿಗೆ ರೂಮುಗಳಿಗೆ ಸುಣ್ಣ ಬಣ್ಣ ಮಾಡಿಸಲು ಇಟ್ಟಿದ್ದ ದುಡ್ಡು. ಲಾ ಕಾಲೇಜಿನ ಹುಡುಗರು ಇನ್ನೊಂದು ವರ್ಷ ಹಳೇ ಗೋಡೆ ನೋಡಿಕೊಂಡೇ ಓದಲಿ, ಸೆಕ್ಷನ್ನುಗಳೇನು ಬದಲಾಗುವುದಿಲ್ಲ.

ಹೋಲಿಸಬೇಕೆಂದು ಅಲ್ಲ. ಆದರೂ ಹೊಲಿಗೆ ಮಿಶೀನಿನ ಮೋಟರಿಗೆ ಎಷ್ಟಾಗುತ್ತದೆ ಎಂದು ಅಂಗಡಿಯಲ್ಲಿ ವಿಚಾರಿಸಿದೆ. ಸಾವಿರದ ಎಂಟುನೂರು.

ಇಂತಿ,
ಹೆಸರಿನ ಆಸೆಯಿಲ್ಲದ (ಮ-ರಿ-ಯ-ಪ್ಪ, ಇಂಗ್ಲೀಷಿನಲ್ಲಿ ಎರಡು ಪಿ),
ಮಾವ


ಆರ್‌ಪಿಸಿ ಲೇಔಟ್
23 ಸೆಪ್ಟೆಂಬರ್ 2025

ಮಾವ,

ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ. ಗೈಡ್ ಮೇಡಂ ಡಬ್ಬ ಬಿಚ್ಚಿಸಿ ನೋಡಿದರು. ಅದು ಬಣ್ಣದ ದೀಪದ ಬೋರ್ಡುಗಳಿಗೆ ಹಾಕುವ ಹಳೇ ಟ್ರಾನ್ಸ್‌ಫಾರ್ಮರ್. ಪಕ್ಕದಲ್ಲಿ ಯಾವುದೋ ಬಾರಿನ ಹೆಸರು ಅರ್ಧ ಅಳಿಸಿದೆ. ನಮಗೆ ಬೇಕಾದ ರೀತಿಯ ಕರೆಂಟ್ ಅದರಿಂದ ಬರುವುದಿಲ್ಲ. ಬರುವ ಕರೆಂಟ್ ಮುಟ್ಟಿದವರ ಜೀವ ತೆಗೆಯುತ್ತದೆ. ವೈರು ಕತ್ತರಿಸಿ, ಡಬ್ಬವನ್ನು ಅಮ್ಮನ ಕೈಲಿ ನಿಮ್ಮ ಮನೆಗೇ ವಾಪಸ್ಸು ಕಳಿಸಿದ್ದೇನೆ.

ಭೈರೇಶ್ ದುಡ್ಡು ಹಿಂದಿರುಗಿಸುತ್ತಾನಾ? ನೀವು ಕೇಳಲೇಬೇಕು. ಎರಡು ಲಕ್ಷ ಮೂವತ್ತು ಸಾವಿರ ಎಂದು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಅಕ್ಟೋಬರ್ ಒಂದನೇ ತಾರೀಖು ಬುಧವಾರ ಲ್ಯಾಬಿನಲ್ಲಿ ಆಯುಧಪೂಜೆ. ಅಮ್ಮ, ನೀವು, ಚಿಕ್ಕಪ್ಪ ಮೂವರೂ ಬನ್ನಿ. ಒಂದೇ ಒಂದು ವಿಷಯ ನೆನಪಿಡಿ. ಭಾನುವಾರದಿಂದ ಮಂಗಳವಾರದವರೆಗೆ ಮೂರು ದಿನ ಓಡಿಸಿ ಒಂದು ದೊಡ್ಡ ಬಟ್ಟೆ ತೆಗೆಯುತ್ತೇನೆ. ಸೋಮವಾರ ಆರನೇ ತಾರೀಖು ಅದು ಆಸ್ಪತ್ರೆಯ ಪರೀಕ್ಷೆಗೆ ಹೋಗಬೇಕು. ಆ ದಿನ ತಪ್ಪಿದರೆ ಮತ್ತೆ ಯಾವಾಗ ಸಮಯ ಕೊಡುತ್ತಾರೋ ಗೊತ್ತಿಲ್ಲ, ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಹಬ್ಬದ ದಿನ ಯಂತ್ರ ಮುಟ್ಟಬಾರದು ಎಂದು ಅಮ್ಮ ಹೇಳಿದ್ದಾರೆ, ಹಾಗಾಗಿ ಬಟ್ಟೆ ಡ್ರಮ್ಮಿನ ಮೇಲೆಯೇ ಇರುತ್ತದೆ. ಗಾಜಿನ ಬಾಗಿಲು ತೆಗೆಯಬೇಡಿ. ಪೂಜೆ ಎಲ್ಲಾ ಹೊರಗಿನಿಂದಲೇ.

ಸ್ಪಂದನ


ಆರ್‌ಪಿಸಿ ಲೇಔಟ್
5 ಅಕ್ಟೋಬರ್ 2025

ಮಾವ,

ಗುರುವಾರ ಬೆಳಿಗ್ಗೆ ಬಟ್ಟೆ ತೆಗೆಯಲು ಹೋದೆ. ಎಲೆ ಹಸಿರಿನ ಬಟ್ಟೆ, ಒಂದು ಮಗ್ಗುಲು ನೀಲಿಯಾಗಿತ್ತು. ಮೀಟರ್ ಇಟ್ಟು ನೋಡಿದೆ. ನೀಲಿಯಾದ ಕಡೆ ಕರೆಂಟ್ ಹರಿಯುವುದಿಲ್ಲ. ನಾಳೆ ಆಸ್ಪತ್ರೆಗೆ ಕೊಡಲು ನನ್ನ ಬಳಿ ಏನೂ ಇಲ್ಲ.

ಚಿಕ್ಕಪ್ಪನಿಗೆ ಹೇಳಿದೆ. "ನಾನು ನೀರು ಚಿಮುಕಿಸಿದ್ನಲ್ಲಮ್ಮ, ಬಾಗಿಲ ಸಂದೀಲಿ ಹೋಗಿರಬೇಕು. ನನ್ನ ಕೈಯಿಂದಲೇ ಆಗಿರಬೇಕು" ಅಂದರು. ಹಬ್ಬದ ಊಟಕ್ಕೂ ಬರಲಿಲ್ಲ.

ಕುಂಬಳಕಾಯಿ ಒಡೆಯಲು ನಾವೆಲ್ಲ ಹೊರಗೆ ಹೋದಾಗ ಒಳಗೆ ಯಾರಾದರೂ ಬಂದದ್ದನ್ನು ನೀವು ಕಂಡಿರಾ? ನಿಮ್ಮ ಕಣ್ಣಿಗೆ ಎಲ್ಲಾ ಬೀಳುತ್ತದೆ, ಅದಕ್ಕೆ ಕೇಳುತ್ತಿದ್ದೇನೆ.

ಸ್ಪಂದನ


ಹಳೇ ನಾಗರಬಾವಿ
13 ಅಕ್ಟೋಬರ್ 2025

ಚಿರಂಜೀವಿ ಸ್ಪಂದನಳಿಗೆ ಆಶೀರ್ವಾದಗಳು.

ನಾನು ಏನೂ ಕಾಣಲಿಲ್ಲ. ಕುಂಬಳಕಾಯಿಯ ಹತ್ತಿರವೇ ಇದ್ದೆ. ಹಿಂದೆ ನಿಂತಿದ್ದೆ, ಆದ್ದರಿಂದ ನೀವು ಯಾರೂ ನೋಡಿರಲಿಕ್ಕಿಲ್ಲ.

ಹೇಳಬಾರದು, ಆದರೂ ಹೇಳುತ್ತೇನೆ. ಕಾಂತರಾಜು ತಂಬಿಗೆಯಿಂದ ನೀರು ಚಿಮುಕಿಸುವಾಗ ಕೈ ಬಹಳ ಉದಾರವಾಗಿತ್ತು. ಒಳ್ಳೆಯವನೇ, ಆದರೆ ಅವನ ಕೈ ಭಾರ. ಅವನೇ ಒಪ್ಪಿಕೊಂಡ ಮೇಲೆ ನಾವು ಮಾತಾಡುವುದೇನಿದೆ.

ಭೈರೇಶ್ ಊರಲ್ಲಿಲ್ಲ. ನನ್ನ ಎರಡು ಲಕ್ಷ ಮೂವತ್ತು ಸಾವಿರ ಗೋವಿಂದ. ಆದರೂ ನಾನೇನಾದರೂ ಅಂದೆನೇ? ಒಂದು ಮಾತು ಅಂದೆನೇ? ಸೋದರಮಾವನಾದವನು ಹೀಗೆ ನುಂಗಿಕೊಂಡು ಇರಬೇಕು. ಟೀ ಅಂಗಡಿಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ.

ಇಂತಿ,
ನುಂಗಿಕೊಂಡಿರುವ
ಮರಿಯಪ್ಪ


ಆರ್‌ಪಿಸಿ ಲೇಔಟ್
18 ನವೆಂಬರ್ 2025

ಮಾವನಿಗೆ ನಮಸ್ಕಾರ.

ಬಹಳ ದಿನ ಬರೆಯಲಾಗಲಿಲ್ಲ. ನೀಲಿ ಚೂರನ್ನು ಪರೀಕ್ಷೆಗೆ ಹಾಕಿಸಿದೆ. ಅದರಲ್ಲಿ ಸುಣ್ಣ ಇದೆ. ನನ್ನ ಬಟ್ಟೆಯ ಹಸಿರಿನಲ್ಲಿ ಆಮ್ಲ ಸೇರಿದೆ, ಆ ಆಮ್ಲ ಇದ್ದರೇ ಕರೆಂಟ್ ಹರಿಯುವುದು. ಸುಣ್ಣ ಆಮ್ಲವನ್ನು ಕೊಂದುಬಿಡುತ್ತದೆ, ಬಣ್ಣ ನೀಲಿಗೆ ತಿರುಗುತ್ತದೆ. ಬರೀ ನೀರು ಬಿದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ.

ಚಿಕ್ಕಪ್ಪ ತಂದದ್ದು ನಲ್ಲಿ ನೀರು ಮತ್ತು ನಿಂಬೆಹಣ್ಣು. ಅರಿಶಿನ ಸುಣ್ಣ ಕಲೆಸಿದ ಕೆಂಪು ನೀರಿನ ತಟ್ಟೆ ಅಮ್ಮನದು, ಆರತಿಗೆ ಎಂದು ತಂದಿದ್ದರು. ಆ ತಟ್ಟೆ ಯಾರ ಕೈಯಲ್ಲಿತ್ತು ಎಂದು ಅಮ್ಮನನ್ನು ಕೇಳಿದೆ. ಅಮ್ಮ ಸಾರಿಗೆ ಉಪ್ಪು ಹಾಕಿದ್ದೀನೋ ಇಲ್ಲವೋ ಎಂದು ಅಡುಗೆ ಮನೆಗೆ ಎದ್ದು ಹೋದರು.

ಚಿಕ್ಕಪ್ಪನಿಗೆ ಇದನ್ನು ಹೇಳಲು ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಲಕೋಟೆಯಲ್ಲಿ ಐದು ಸಾವಿರ ಇಟ್ಟು ಅಮ್ಮನ ಕೈಲಿ ಕಳಿಸುತ್ತಿದ್ದೇನೆ. ಸಂಜೆ ಹೊತ್ತು ವಿಜಯನಗರದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ನನಗಾಗಿ ಕಳೆದುಕೊಂಡ ದುಡ್ಡನ್ನು ನಾನು ತೀರಿಸಲೇಬೇಕು. ತಿಂಗಳಿಗೆ ಐದು ಸಾವಿರದಂತೆ ನಾಲ್ಕು ವರ್ಷ ಹಿಡಿಯುತ್ತದೆ. ಬೇಡ ಎನ್ನಬೇಡಿ.

ಸ್ಪಂದನ


ಹಳೇ ನಾಗರಬಾವಿ
20 ಡಿಸೆಂಬರ್ 2025

ಚಿರಂಜೀವಿ ಸ್ಪಂದನಳಿಗೆ ಆಶೀರ್ವಾದಗಳು.

ಎರಡು ಲಕೋಟೆಯೂ ತಲುಪಿದವು. ಬೇಡ ಎನ್ನಬೇಡಿ ಎಂದು ಬರೆದಿದ್ದೀಯ, ಆದ್ದರಿಂದ ಎನ್ನಲಿಲ್ಲ. ಹಿರಿಯರಾದವರು ಮಕ್ಕಳ ಮಾತಿಗೆ ಬೆಲೆ ಕೊಡಬೇಕು.

ಸಂಜೆ ಮೆಟ್ರೋ ಇಳಿದು ನಡೆದು ಹೋಗುತ್ತೀಯಂತೆ, ಒಂಬತ್ತಾಗುತ್ತದಂತೆ. ಸೊರಗಿ ಹೋಗಿದ್ದೀಯ ಎಂದು ಕುಸುಮಾ ಹೇಳಿದಳು. ನನ್ನ ಮುಖ ನೋಡದೆ ಹೇಳಿದಳು. ಅವಳು ಈಚೆಗೆ ನನ್ನ ಮುಖ ನೋಡುವುದು ಕಡಿಮೆ ಮಾಡಿದ್ದಾಳೆ.

ಥೀಸಿಸ್ಸಿನಲ್ಲಿ ಹೆಸರುಗಳು ಯಾವ ಕ್ರಮದಲ್ಲಿ ಬರುತ್ತವೆ? ವಯಸ್ಸಿನ ಪ್ರಕಾರವೋ, ಖರ್ಚಿನ ಪ್ರಕಾರವೋ? ಸುಮ್ಮನೆ ಕೇಳಿದೆ.

ಕಾಂತರಾಜು ಲ್ಯಾಬಿಗೆ ಬರುತ್ತಿದ್ದಾನಾ? ಇದನ್ನೂ ಸುಮ್ಮನೆ ಕೇಳಿದೆ.

ಇಂತಿ,
ಮಾವ
ಮರಿಯಪ್ಪ


ಆರ್‌ಪಿಸಿ ಲೇಔಟ್
27 ಜನವರಿ 2026

ಮಾವನಿಗೆ ನಮಸ್ಕಾರ.

ಚಳಿಗಾಲದ ಒಣ ಗಾಳಿಗೆ ಎಳೆ ಚೆನ್ನಾಗಿ ಬಂತು. ಮೊದಲಿನಷ್ಟು ದೊಡ್ಡದಲ್ಲದಿದ್ದರೂ ಒಂದು ಬಟ್ಟೆ ತೆಗೆದೆ. ಡ್ರಮ್ಮು ಗರಗರ ಎನ್ನುತ್ತಿತ್ತು, ಬೇರಿಂಗ್ ಸವೆದಿರಬೇಕು. ಚಿಕ್ಕಪ್ಪ ಬಂದಿಲ್ಲ, ನಾನೇ ಎಣ್ಣೆ ಬಿಟ್ಟೆ. ಆಸ್ಪತ್ರೆಯವರು ಮತ್ತೆ ಸಮಯ ಕೊಟ್ಟರು. ಬಟ್ಟೆಯನ್ನು ಮೊದಲು ನನ್ನ ಎದೆಗೇ ಅಂಟಿಸಿಕೊಂಡೆ. ಪರದೆಯ ಮೇಲೆ ಗೀಟು ಎದ್ದು ಬಿದ್ದು ಎದ್ದು ಬಿದ್ದು ಓಡಿತು. ಅಪ್ಪ ಇದ್ದಿದ್ದರೆ ಅನ್ನಿಸಿತು.

ನೀಲಿಯಾದ ಬಟ್ಟೆಯ ಫೋಟೋ ಐದನೇ ಅಧ್ಯಾಯದಲ್ಲಿದೆ. ಸುಣ್ಣ ತಾಗಿದರೆ ಏನಾಗುತ್ತದೆ ಎಂದು ಒಂದು ಪುಟ ಬರೆದಿದ್ದೇನೆ. ಹೇಗೆ ತಾಗಿತು ಎಂದು ಬರೆದಿಲ್ಲ.

ಹತ್ತನೇ ತಾರೀಖು ಥೀಸಿಸ್ ಬೈಂಡಿಂಗಿಗೆ ಹೋಗುತ್ತದೆ. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ನಿಮ್ಮದು. ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: "ನನ್ನ ಸಂಶೋಧನೆಗಾಗಿ ತಮ್ಮ ಉಳಿತಾಯವನ್ನು ಕಳೆದುಕೊಂಡ ಸೋದರಮಾವ ಶ್ರೀ ಮರಿಯಪ್ಪನವರಿಗೆ." ಚಿಕ್ಕಪ್ಪ ತಮ್ಮ ಹೆಸರು ಬೇಡವೇ ಬೇಡ ಎಂದು ಅಮ್ಮನ ಕೈಲಿ ಹೇಳಿ ಕಳಿಸಿದರು, ತೆಗೆದಿದ್ದೇನೆ.

ಹೊರಗಿನವರ ಹಣ ಖರ್ಚಾಗಿದ್ದರೆ ಮೊತ್ತವನ್ನೂ ಕಾಣಿಸಬೇಕು ಎಂದು ಗೈಡ್ ಮೇಡಂ ಹೇಳಿದರು. ಎರಡು ಲಕ್ಷ ಮೂವತ್ತು ಸಾವಿರ ಎಂದು ಹಾಕಿದ್ದೇನೆ. ಸರಿಯಾಗಿದೆಯಾ ಮಾವ? ನೋಡಿ ಹೇಳಿ. ಅಚ್ಚಾದ ಮೇಲೆ ತಿದ್ದಲಾಗುವುದಿಲ್ಲ.

ಮೂರನೇ ಲಕೋಟೆ ಅಮ್ಮನ ಕೈಲಿದೆ.

ಸ್ಪಂದನ


ಹಳೇ ನಾಗರಬಾವಿ
2 ಫೆಬ್ರವರಿ 2026

ಸ್ಪಂದನ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಲ್ಕು ದಿನ ಹಿಡಿಯುತ್ತದೆ, ಅಷ್ಟರಲ್ಲಿ ನನ್ನ ಮನಸ್ಸು ಬದಲಾದರೂ ಬದಲಾದೀತು. ಕುಸುಮಾ ಇಲ್ಲೇ ಜಗಲಿಯ ಮೇಲೆ ಕೂತಿದ್ದಾಳೆ, ಬರೆದು ಮುಗಿಸಿದ ತಕ್ಷಣ ಅವಳ ಕೈಗೆ ಕೊಡುತ್ತೇನೆ.

ನಿನ್ನ ಕಾಗದದಲ್ಲಿ ನನ್ನ ಹೆಸರಿರುವ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಟೀ ಅಂಗಡಿಗೂ ತೆಗೆದುಕೊಂಡು ಹೋದೆ. ಜೇಬಿನಿಂದ ತೆಗೆಯಬೇಕು, ತೆಗೆಯಲಾಗಲಿಲ್ಲ. ಶ್ರೀ ಎಂದು ಹಾಕಿದ್ದೀಯ. ಕಾಂತರಾಜು ಹೆಸರಿಲ್ಲ. ಎರಡೂ ನಾನು ಬಯಸಿದ್ದೇ.

ಆಯುಧಪೂಜೆಯ ದಿನ ನಿಮ್ಮ ಗೈಡ್ ಮೇಡಂ, "ಡ್ರಮ್ ಮಾಡಿಕೊಟ್ಟೋರು ನೀವು, ಕುಂಬಳಕಾಯಿ ನೀವೇ ಒಡೀರಿ ಸಾರ್" ಎಂದು ಕಾಂತರಾಜುವನ್ನು ಕರೆದರಲ್ಲ, ಎಲ್ಲರೂ ಚಪ್ಪಾಳೆ ಹೊಡೆದಿರಲ್ಲ, ಆಗ ನಾನು ಕುಂಬಳಕಾಯಿಯ ಹತ್ತಿರ ಇರಲಿಲ್ಲ. ಕುಸುಮಾಳ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಹೋಗುವಾಗ ದೃಷ್ಟಿ ತೆಗೆಯಲೆಂದೇ ಹೋದೆ, ದೇವರಾಣೆ. ಸೋದರಮಾವನ ಕೈಯಿಂದಲೂ ಒಂದು ಶಾಸ್ತ್ರ ಆಗಲಿ ಎಂದು. ಗಾಜಿನ ಬಾಗಿಲು ತೆಗೆದೆ. ಡ್ರಮ್ಮಿನ ಅಂಚಿನಲ್ಲಿ ಹಳದಿ ಬಣ್ಣದಲ್ಲಿ 'ಕಾಂತರಾಜು' ಎಂದು ಬರೆದಿತ್ತು. ಅಲ್ಲಿಯೂ ಅವನೇ. ಅಂಗೈಯಲ್ಲಿ ಕೆಂಪು ನೀರು ತುಂಬಿಕೊಂಡು ಆ ಹೆಸರಿಗೆ ಎರಚಿದೆ. ಅದು ದೃಷ್ಟಿ ತೆಗೆದದ್ದಲ್ಲ, ಸ್ಪಂದನ. ಆ ಹೆಸರು ಅಳಿಸಿಹೋಗಲಿ ಎಂದು ಎರಚಿದ್ದು. ಎನಾಮೆಲ್ ಪೇಂಟು, ಅಳಿಸಲಿಲ್ಲ. ಪಕ್ಕದಲ್ಲಿ ಬಟ್ಟೆಯ ಮೇಲೆ ಸಿಡಿದದ್ದನ್ನು ಟವೆಲಿನಿಂದ ಒತ್ತಿ ತೆಗೆದೆ. ಒಣಗಿದರೆ ಸರಿಹೋಗುತ್ತದೆ ಎಂದುಕೊಂಡೆ. ತಿರುಗಿದರೆ ಬಾಗಿಲಲ್ಲಿ ಕುಸುಮಾ ನಿಂತಿದ್ದಳು. ತಟ್ಟೆ ಇಸಿದುಕೊಂಡು ಹೋದಳು. ಇವತ್ತಿನವರೆಗೆ ಅವಳು ಆ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ.

ನಿನ್ನೆ ರಾಜಾಜಿನಗರಕ್ಕೆ ಹೋದೆ. ಈ ಸಲ ನಿಜವಾಗಿಯೂ ಕೆಲಸವಿತ್ತು. ಗೋಡೆಯ ಮೇಲೆ ದೇವರ ಪಟ ಇತ್ತು, ಪಕ್ಕದಲ್ಲಿ ಹಾಳೆ ಇರಲಿಲ್ಲ. ಹಾಳೆ ಇದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು.

"ಎಲ್ಲಿ ಹೋಯ್ತಯ್ಯ?" ಅಂದೆ.

"ಮಗೂ ಕೆಲಸ ಕೆಡಿಸ್ದೋನ ಹೆಸ್ರು ಗೋಡೆ ಮೇಲೆ ಯಾಕೆ ಭಾವ" ಅಂದ.

ನಾಲ್ಕು ತಿಂಗಳಿಂದ ಅವನು ಹೀಗೆಯೇ ತಿಳಿದುಕೊಂಡು ಲೇತ್ ಮುಂದೆ ನಿಂತಿದ್ದಾನೆ. ಸುಣ್ಣದ ವಿಷಯ ಅವನಿಗೆ ಯಾರೂ ಹೇಳಿಲ್ಲ. ನಾನು ಹೇಳಿದೆ. ತಟ್ಟೆ, ಬಾಗಿಲು, ಹಳದಿ ಅಕ್ಷರ, ಎಲ್ಲವನ್ನೂ ಹೇಳಿದೆ. ಅವನು ಬೈಯಲಿ ಎಂದು ಕಾದೆ. ಅವನು ಲೇತ್ ಆಫ್ ಮಾಡಿ, ಕೈ ತೊಳೆದುಕೊಂಡು ಬಂದು, "ಕಾಫಿ ತರಿಸ್ಲಾ ಭಾವ?" ಅಂದ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಡ್ರಾಯರಿನಿಂದ ಹಾಳೆ ತೆಗೆಸಿ, ಸ್ಟೂಲ್ ಹತ್ತಿ ನಾನೇ ಮೊಳೆ ಹೊಡೆದೆ. ಸುಳ್ಳು ಹೇಳುವುದಿಲ್ಲ, ಮೊಳೆ ಹೊಡೆಯುವಾಗಲೂ ಹೊಟ್ಟೆ ಉರಿಯಿತು. ಗ್ಯಾಸ್ಟ್ರಿಕ್ ಅಲ್ಲ. ಅವನು ಕೆಳಗೆ ನಿಂತು "ಎಡಕ್ಕೆ ಚೂರು ಎತ್ತಿ ಭಾವ" ಅನ್ನುತ್ತಿದ್ದ. ಎತ್ತಿದೆ. ನಾಡಿದ್ದು ಬೇರಿಂಗ್ ಬದಲಿಸಲು ಬರುತ್ತಾನೆ. ಅವನ ಹೆಸರನ್ನು ಮತ್ತೆ ಹಾಕು, ಅವನು ಬೇಡವೆಂದರೂ ಹಾಕು.

ನನ್ನ ಹೆಸರು ತೆಗೆ. ಐದನೇ ಅಧ್ಯಾಯದಲ್ಲಿ ಆ ನೀಲಿ ಫೋಟೋ ಇದೆಯಲ್ಲ, ಅದು ಸಾಕು. ಅದು ಯಾರ ಕೈಕೆಲಸ ಎಂದು ನಮಗೆ ನಾಲ್ವರಿಗೆ ಗೊತ್ತು.

ಮಿಠಾಯಿ ಮಿಶೀನೂ ನನ್ನದಲ್ಲ. ಕೆಂಗೇರಿ ಸಂತೆಯಲ್ಲಿ ಬೇರೆಯವನದು. ಅವನು ಟೀ ಕುಡಿದು ಬರುವಷ್ಟು ಹೊತ್ತು ನನ್ನ ಕೈಗೆ ಕೊಟ್ಟಿದ್ದ. ಸಕ್ಕರೆ ಸೀದುಹೋಯಿತು, ಓಡಿಹೋದೆ.

ಮೂರು ಲಕೋಟೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ಒಂದನ್ನೂ ಒಡೆದಿಲ್ಲ. ನಾಳೆಯಿಂದ ಟ್ಯೂಷನ್ನಿಗೆ ಹೋಗಬೇಡ. ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎಂದು ಕೇಳಬೇಡ, ಉತ್ತರ ನನಗೂ ಇಷ್ಟವಾಗುವಂಥದ್ದಲ್ಲ. ಹಿಂದಿರುಗಿಸಿದರೆ ಕಾರಣ ಹೇಳಬೇಕಾಗಿತ್ತು.

ಸರಿಯಾಗಿದೆಯಾ ಎಂದು ಕೇಳಿದ್ದೀಯ. ಸರಿಯಾಗಿಲ್ಲ. ಆ ಡಬ್ಬವನ್ನು ಭೈರೇಶ್ ಗುಜರಿಗೆ ಹಾಕಲು ಹೊರಟಿದ್ದ. ನಾನೇ ತಡೆದು, ಇದೇನು ಎಂದು ಕೂಡ ಕೇಳದೆ, ಭಾರ ಇದೆ, ದೊಡ್ಡದಾಗಿ ಕಾಣುತ್ತದೆ ಎಂದು ಕೊಂಡೆ. ಅವನು ಮೋಸ ಮಾಡಿಲ್ಲ. ಜರ್ಮನಿ ಎಂದದ್ದೂ ನಾನೇ. ಕಾಂತರಾಜು ನಿನಗೆ ಒಂದು ಡ್ರಮ್ಮು ಮಾಡಿಕೊಟ್ಟ, ನಾನು ನನ್ನ ಕೈಯಾರೆ ಮಾಡಿಕೊಟ್ಟದ್ದು ಎರಡು ಸೊನ್ನೆ. ಭೈರೇಶ್ ಎರಡೂವರೆ ಸಾವಿರ ಕೇಳಿದ, ಇನ್ನೂರು ಇಳಿಸಿದೆ.

ಕಳೆದುಕೊಂಡದ್ದು ಎರಡು ಸಾವಿರದ ಮುನ್ನೂರು. ಆಟೋ ಬಾಡಿಗೆ ನಿಮ್ಮಮ್ಮ ಕೊಟ್ಟಳು.

ಮರಿಯಪ್ಪ